ವಿದೇಶ ಪ್ರವಾಸದ ಖರೀದಿ: ಚರ್ಮವನ್ನು ಗುರುತಿಸುವುದು ಹೇಗೆ?

ಬೇಸಿಗೆ ರಜೆ ಬಂತೆಂದರೆ ನಮ್ಮ ಸಮಾಜದ ಅನೇಕ ಕುಟುಂಬಗಳು ಈಗ ಯುರೋಪ್, ದುಬೈ, ಸಿಂಗಾಪುರ, ಬಾಲಿ ಕಡೆ ಪ್ರವಾಸ ಹೊರಡುತ್ತವೆ. ಮಕ್ಕಳು ಅಮೆರಿಕದಲ್ಲಿದ್ದರೆ ತಂದೆತಾಯಿ ಅಲ್ಲಿಗೂ ಹೋಗಿ ಬರುತ್ತಾರೆ. ಹೊರಡುವ ಮುನ್ನ ಊಟದ ವ್ಯವಸ್ಥೆಯನ್ನು ಎಲ್ಲರೂ ಕೂಲಂಕಷವಾಗಿ ವಿಚಾರಿಸುತ್ತಾರೆ. ಜೈನ ಊಟ ಸಿಗುತ್ತದೆಯೇ, ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಮಾಡಿಕೊಡುತ್ತಾರೆಯೇ ಎಂದು ಕೇಳಿ, ಅವಲಕ್ಕಿ ಚಟ್ನಿಪುಡಿಯನ್ನೂ ಜೊತೆಗೆ ಕಟ್ಟಿಕೊಳ್ಳುತ್ತಾರೆ. ಆದರೆ ಅಲ್ಲಿ ಕೊಳ್ಳುವ ವಸ್ತುಗಳ ಬಗ್ಗೆ ಇಷ್ಟು ಎಚ್ಚರ ಇರುವುದಿಲ್ಲ. ಪರ್ಸ್, ಬೆಲ್ಟ್, ಕೈಚೀಲ, ಶೂ, ಗಡಿಯಾರದ ಪಟ್ಟಿ ಎಲ್ಲವೂ ನೋಡಲು ಒಂದೇ ಥರ. ಯಾವುದು ಚರ್ಮ, ಯಾವುದು ರೆಕ್ಸಿನ್ ಎಂದು ತಿಳಿಯದೆ ತಂದ ಉಡುಗೊರೆ ಮನೆಯ ಹಿರಿಯರ ಕೈ ಸೇರಿದ ಮೇಲೆ ಅನುಮಾನ ಹುಟ್ಟಿದರೆ ಅದನ್ನು ಬಳಸುವ ಹಾಗೂ ಇಲ್ಲ, ಹಿಂದಿರುಗಿಸುವ ಹಾಗೂ ಇಲ್ಲ.

ಈ ಗೊಂದಲಕ್ಕೆ ಆಸ್ಪದ ಕೊಡಬೇಕಾಗಿಲ್ಲ. ಹೊರದೇಶಗಳಲ್ಲಿ, ವಿಶೇಷವಾಗಿ ಯುರೋಪಿನಲ್ಲಿ, ವಸ್ತುವಿನ ಮೇಲೆಯೇ ಸಾಕಷ್ಟು ಮಾಹಿತಿ ಇರುತ್ತದೆ. ಅದನ್ನು ಓದಲು ತಿಳಿದಿರಬೇಕು, ಅದು ಏನನ್ನು ಹೇಳದೆ ಬಿಡುತ್ತದೆ ಎಂಬುದೂ ತಿಳಿದಿರಬೇಕು.

ಶಾಸ್ತ್ರದಲ್ಲಿ ಚರ್ಮದ ವಿಚಾರ

ಚರ್ಮದ ಬಗೆಗಿನ ಎಚ್ಚರ ಇಂದು ನಿನ್ನೆಯದಲ್ಲ. 13ನೇ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ, ಮಾಂಸತ್ಯಾಗ ಮಾಡಿದ ಶ್ರಾವಕನು ಚರ್ಮದ ಪಾತ್ರೆಯಲ್ಲಿಟ್ಟ ನೀರು, ಎಣ್ಣೆ ಮತ್ತು ಇಂಗನ್ನು ಸೇವಿಸಿದರೂ ಆ ವ್ರತಕ್ಕೆ ದೋಷ ತಟ್ಟುತ್ತದೆ ಎಂದು ಹೇಳಿದ್ದಾರೆ. ಆಗ ಎಣ್ಣೆಯನ್ನೂ ಇಂಗನ್ನೂ ಚರ್ಮದ ಚೀಲದಲ್ಲಿ ಸಾಗಿಸುತ್ತಿದ್ದರು. ಮಾಂಸವನ್ನು ಬಿಟ್ಟವನು ಅದೇ ಪ್ರಾಣಿಯ ಚರ್ಮವನ್ನೂ ದೂರವಿಡಬೇಕೆಂಬುದು ಅವರ ಆಶಯ.

‘ಪ್ರಾಣಿಯನ್ನು ಕೊಲ್ಲುವುದು ಮಾಂಸಕ್ಕಾಗಿ, ಚರ್ಮ ಉಳಿದದ್ದು, ಅದನ್ನು ಕೊಂಡರೆ ತಪ್ಪೇನು?’ ಎಂಬ ಪ್ರಶ್ನೆಯನ್ನು ಯುವಕರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಕಸಾಯಿಖಾನೆಗೆ ಚರ್ಮ ಕಸವಲ್ಲ, ಮಾರಿ ಹಣ ಮಾಡುವ ಸರಕು. ಮೊಸಳೆಯಂಥ ಪ್ರಾಣಿಗಳನ್ನಂತೂ ಮುಖ್ಯವಾಗಿ ಚರ್ಮಕ್ಕಾಗಿಯೇ ಸಾಕುತ್ತಾರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಹಿಂಸೆಯ ಲೆಕ್ಕವನ್ನು ಕೊಲ್ಲುವ ಕೈಗೆ ಮಾತ್ರ ನಿಲ್ಲಿಸುವುದಿಲ್ಲ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು. ಇವನ್ನು ಗುಣಿಸಿದರೆ 108 ಬಗೆ. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು ಮೂರೂ ಅದರಲ್ಲಿ ಸೇರಿವೆ. ಅಂಗಡಿಯಲ್ಲಿ ಹಣ ಕೊಡುವವನು ಈ ಲೆಕ್ಕದ ಹೊರಗೆ ನಿಲ್ಲುವುದು ಕಷ್ಟ.

ಪ್ರವಾಸಿಗರನ್ನು ಕರೆದೊಯ್ಯುವ ಅಂಗಡಿಗಳು

ಇಟಲಿಯ ಫ್ಲಾರೆನ್ಸ್ ನಗರ ಚರ್ಮದ ಕೆಲಸಕ್ಕೆ ಹೆಸರಾದದ್ದು. ಅಲ್ಲಿಯ ಸಾನ್ ಲೊರೆಂಜೊ ಮಾರುಕಟ್ಟೆಯ ಬೀದಿಗಳಲ್ಲಿ ಸಾಲುಸಾಲು ಚರ್ಮದ ಮಳಿಗೆಗಳಿವೆ. ಪೀಸಾದ ವಾಲುಗೋಪುರ ಮತ್ತು ಫ್ಲಾರೆನ್ಸ್ ನಡುವೆ ಆರ್ನೊ ನದಿಯ ಬಳಿ ಇರುವ ಸಾಂತಾ ಕ್ರೋಚೆ ಎಂಬ ಊರು ಚರ್ಮ ಹದ ಮಾಡುವ ಕಾರ್ಖಾನೆಗಳ ದೊಡ್ಡ ಕೇಂದ್ರ. ಗುಂಪು ಪ್ರವಾಸಗಳಲ್ಲಿ ‘ಕರಕುಶಲ ಪ್ರದರ್ಶನ’ ಎಂದು ಚರ್ಮದ ಮಳಿಗೆಯೊಳಗೆ ಕರೆದೊಯ್ಯುವುದು ಇಲ್ಲಿ ಸಾಮಾನ್ಯ.

ಟರ್ಕಿಯ ಪ್ರವಾಸಗಳಲ್ಲಿ ಚರ್ಮದ ಜಾಕೆಟ್ಟುಗಳ ಫ್ಯಾಷನ್ ಶೋ ತೋರಿಸಿ ನಂತರ ಮಾರಾಟಕ್ಕೆ ಕೂರಿಸುತ್ತಾರೆ. ಮೊರಾಕ್ಕೊದ ಫೆಜ್ ನಗರದಲ್ಲಿ ಹಳೆಯ ಹದಗೊಳಿಸುವ ತೊಟ್ಟಿಗಳನ್ನು ಸುತ್ತಲಿನ ಚರ್ಮದ ಅಂಗಡಿಗಳ ಮಾಳಿಗೆಯಿಂದಲೇ ನೋಡಬೇಕು. ವಾಸನೆ ತಡೆಯಲೆಂದು ಮೂಗಿಗೆ ಹಿಡಿಯಲು ಪುದೀನ ಸೊಪ್ಪು ಕೊಡುತ್ತಾರೆ. ದುಬೈಯಲ್ಲಿ ಒಂಟೆಯ ಚರ್ಮದ ಸಾಮಾನು, ಥಾಯ್ಲೆಂಡಿನಲ್ಲಿ ತಿರಣಿ ಮೀನಿನ ಚರ್ಮದ ಪರ್ಸುಗಳು ನೆನಪಿನ ಕಾಣಿಕೆಯ ಹೆಸರಿನಲ್ಲಿ ಸಿಗುತ್ತವೆ. ಬಾಲಿ, ಜಾವಾಗಳಲ್ಲಿ ಗೋಡೆಗೆ ತೂಗುಹಾಕಲು ಮಾರುವ ‘ವಯಾಂಗ್ ಕುಲಿತ್’ ಬೊಂಬೆಗಳು ನಮ್ಮ ತೊಗಲುಬೊಂಬೆಗಳ ಬಂಧುಗಳೇ. ‘ಕುಲಿತ್’ ಎಂದರೆ ತೊಗಲು. ಹೆಚ್ಚಾಗಿ ಅವನ್ನು ಎಮ್ಮೆಯ ತೊಗಲಿನಿಂದ ಮಾಡುತ್ತಾರೆ.

ಪ್ರವಾಸ ಕಾಯ್ದಿರಿಸುವಾಗಲೇ ದಿನಚರಿಯಲ್ಲಿ ಇಂಥ ಅಂಗಡಿ ಭೇಟಿ ಇದೆಯೇ ಎಂದು ಕೇಳಿ. ಇದ್ದರೆ ಆ ಒಂದು ಗಂಟೆ ಹೊರಗಿನ ಚೌಕದಲ್ಲಿ ಕುಳಿತಿರುತ್ತೇವೆ ಎಂದು ಮ್ಯಾನೇಜರಿಗೆ ಮೊದಲೇ ತಿಳಿಸಬಹುದು. ಒಳಗೆ ಹೋಗಿ, ಮಾಡಿದ ಉಪಚಾರದ ದಾಕ್ಷಿಣ್ಯಕ್ಕೆ ಬಿದ್ದು ಕೊಳ್ಳುವುದಕ್ಕಿಂತ ಇದು ಸುಲಭ.

ಶೂಗಳ ಮೇಲಿನ ಮೂರು ಗುರುತುಗಳು

ಯುರೋಪಿಯನ್ ಒಕ್ಕೂಟದ 1994ರ ಒಂದು ನಿರ್ದೇಶನದಂತೆ ಅಲ್ಲಿ ಮಾರುವ ಪಾದರಕ್ಷೆಗಳಲ್ಲಿ ಮೂರು ಭಾಗಗಳ ವಿವರ ಇರಬೇಕು. ಮೇಲ್ಭಾಗ ಒಂದು, ಒಳಪದರ ಮತ್ತು ಒಳ ಅಟ್ಟೆ ಸೇರಿ ಇನ್ನೊಂದು, ನೆಲಕ್ಕೆ ತಾಗುವ ಹೊರ ಅಟ್ಟೆ ಮೂರನೆಯದು. ಪ್ರತಿ ಭಾಗದ ಎದುರು ಒಂದು ಚಿಹ್ನೆ ಅಥವಾ ಬರಹ ಇರುತ್ತದೆ.

ಹರಡಿದ ತೊಗಲಿನ ಆಕಾರವಿದ್ದರೆ ಅದು ಚರ್ಮ. ಅದೇ ಆಕಾರದ ನಡುವೆ ಒಂದು ಸಣ್ಣ ವಜ್ರಾಕೃತಿ ಇದ್ದರೆ ಲೇಪನ ಬಳಿದ ಚರ್ಮ. ಮುಟ್ಟಿದರೆ ಪ್ಲಾಸ್ಟಿಕ್ಕಿನಂತೆ ಅನಿಸಿದರೂ ಅದು ಚರ್ಮವೇ. ಹೆಣೆದ ಬಲೆಯ ಚಿಹ್ನೆ ಇದ್ದರೆ ಬಟ್ಟೆ. ಬರೀ ವಜ್ರಾಕೃತಿ ಇದ್ದರೆ ರಬ್ಬರ್, ರೆಕ್ಸಿನ್ ಮುಂತಾದ ಇತರ ವಸ್ತು. ನಾವು ನೋಡಬೇಕಾದದ್ದು ಮೂರೂ ಭಾಗಗಳಲ್ಲಿ ಬಲೆ ಅಥವಾ ಬರೀ ವಜ್ರಾಕೃತಿ. ಮೇಲೆ ಕ್ಯಾನ್ವಾಸ್ ಬಟ್ಟೆ, ಒಳಪದರ ಚರ್ಮ ಎಂಬ ಶೂಗಳು ಬಹಳ ಇವೆ. ಒಳಪದರಕ್ಕೆ ಹಂದಿಯ ಚರ್ಮ ಬಳಸುವುದೂ ಉಂಟು.

ಇಷ್ಟನ್ನು ನೋಡಿದರೂ ಒಂದು ವಿಷಯ ಗಮನದಲ್ಲಿರಲಿ. ಒಂದು ಭಾಗದಲ್ಲಿ ಯಾವ ವಸ್ತು ಕನಿಷ್ಠ ಶೇ. 80ರಷ್ಟಿದೆಯೋ ಅದನ್ನು ಮಾತ್ರ ತೋರಿಸಿದರೆ ನಿಯಮಕ್ಕೆ ಸಾಕು. ಮೇಲ್ಭಾಗದ ಲೆಕ್ಕದಲ್ಲಿ ಅಂಚುಪಟ್ಟಿ, ಅಲಂಕಾರ, ಬಕಲ್, ಲೇಸಿನ ತೂತುಗಳ ಪಟ್ಟಿ ಇವನ್ನು ಸೇರಿಸುವುದೂ ಇಲ್ಲ. ಅಂದರೆ ಬಲೆಯ ಚಿಹ್ನೆ ಇರುವ ಶೂನಲ್ಲಿಯೂ ಹಿಮ್ಮಡಿಯ ತುಂಡೋ ಅಂಚಿನ ಪಟ್ಟಿಯೋ ಚರ್ಮದ್ದಾಗಿರಬಹುದು. ಆದ್ದರಿಂದ ಚಿಹ್ನೆ ನೋಡಿದ ಮೇಲೆ ಶೂವನ್ನು ಕೈಯಲ್ಲಿ ತಿರುಗಿಸಿ ನೋಡಲೇಬೇಕು. ಜೋಡಿಯಲ್ಲಿ ಒಂದರ ಮೇಲೆ ಮಾತ್ರ ಗುರುತು ಇದ್ದರೂ ಸಾಕಾಗಿರುವುದರಿಂದ, ಒಂದರಲ್ಲಿ ಕಾಣದಿದ್ದರೆ ಇನ್ನೊಂದನ್ನು ಕೇಳಿ ಪಡೆಯಿರಿ.

ಅಮೆರಿಕದಲ್ಲಿ ಈ ಚಿತ್ರಗಳಿರುವುದಿಲ್ಲ, ಶೂ ಒಳಗೆ ಇಂಗ್ಲಿಷ್ ಬರಹ ಇರುತ್ತದೆ. ‘ಆಲ್ ಮ್ಯಾನ್ ಮೇಡ್ ಮೆಟೀರಿಯಲ್ಸ್’ ಎಂದಿದ್ದರೆ ಎಲ್ಲವೂ ಕೃತಕ. ‘ಲೆದರ್ ಅಪ್ಪರ್, ಬ್ಯಾಲೆನ್ಸ್ ಮ್ಯಾನ್ ಮೇಡ್’ ಎಂದಿದ್ದರೆ ಮೇಲ್ಭಾಗ ಚರ್ಮ, ಉಳಿದದ್ದು ಕೃತಕ. ಅವಸರದಲ್ಲಿ ‘ಮ್ಯಾನ್ ಮೇಡ್’ ಎಂಬೆರಡು ಪದಗಳನ್ನಷ್ಟೇ ಓದಿ ಕೊಳ್ಳಬಾರದು.

ಬಟ್ಟೆಯಲ್ಲಿ ಅಡಗಿದ ಚರ್ಮ

ಜೀನ್ಸ್ ಪ್ಯಾಂಟಿನ ಸೊಂಟದ ಹಿಂದಿನ ತುಂಡು, ಜಾಕೆಟ್ಟಿನ ಮೊಣಕೈ ಪಟ್ಟಿ, ಜಿಪ್ಪಿನ ಹಿಡಿಕೆ ಇವೆಲ್ಲ ಚರ್ಮದವಾಗಿರಬಹುದು. ಇದಕ್ಕೆ ಯುರೋಪಿನಲ್ಲಿ ಒಳ್ಳೆಯ ನಿಯಮವಿದೆ. 2011ರ ಜವಳಿ ನಿಯಮಾವಳಿಯಂತೆ, ಬಟ್ಟೆಯಲ್ಲಿ ಪ್ರಾಣಿಮೂಲದ ಬೇರೆ ಭಾಗ ಏನಾದರೂ ಇದ್ದರೆ ‘ಪ್ರಾಣಿಮೂಲದ ಜವಳಿಯೇತರ ಭಾಗಗಳನ್ನು ಹೊಂದಿದೆ’ ಎಂಬ ವಾಕ್ಯ ಲೇಬಲ್ಲಿನಲ್ಲಿ ಇರಬೇಕು. ಚರ್ಮವಷ್ಟೇ ಅಲ್ಲದೆ ಮೂಳೆ ಅಥವಾ ಕೊಂಬಿನ ಗುಂಡಿ, ಹಕ್ಕಿಯ ಪುಕ್ಕದ ತುಂಬುವಿಕೆಗೂ ಇದು ಅನ್ವಯಿಸುತ್ತದೆ. ಆಯಾ ದೇಶದ ಭಾಷೆಯಲ್ಲಿ ಬರೆದಿರುವುದರಿಂದ ಫೋನಿನ ಅನುವಾದದ ಕ್ಯಾಮೆರಾವನ್ನು ಲೇಬಲ್ಲಿಗೆ ಹಿಡಿದು ಓದಿಕೊಳ್ಳಿ. ಹಿರಿಯರಿಗೆ ಸ್ವೆಟರ್, ಕೋಟು ಕೊಳ್ಳುವಾಗ ಇದು ತುಂಬಾ ಉಪಯೋಗ.

ಒಂದೇ ಪದ, ಎರಡು ಅರ್ಥ

ಕೈಚೀಲ, ಪರ್ಸ್, ಬೆಲ್ಟುಗಳಿಗೆ ಶೂಗಳ ಚಿಹ್ನೆಯ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಪದಗಳನ್ನೇ ನೋಡಬೇಕು. ಇಟಲಿಯಲ್ಲಿ ಚರ್ಮಕ್ಕೆ ‘ಪೆಲ್ಲೆ’ ಎನ್ನುತ್ತಾರೆ. ಪಿ, ಇ, ಎಲ್, ಎಲ್, ಇ ಅಕ್ಷರಗಳು. ದಪ್ಪ ಚರ್ಮಕ್ಕೆ ‘ಕುವೊಯೊ’. ಫ್ರಾನ್ಸಿನಲ್ಲಿ ಸಿ, ಯು, ಐ, ಆರ್ ಎಂದು ಬರೆದು ‘ಕ್ವೀರ್’ ಎನ್ನುತ್ತಾರೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಜರ್ಮನ್ ಭಾಗದಲ್ಲಿ ‘ಲೇಡರ್’. ಅದರ ಹಿಂದೆ ‘ಕುನ್‌ಸ್ಟ್’ ಸೇರಿದರೆ ಕೃತಕ. ಸ್ಪೇನಿನಲ್ಲಿ ‘ಪಿಯೆಲ್’ ಅಥವಾ ‘ಕುವೆರೊ’. ಟರ್ಕಿಯಲ್ಲಿ ‘ದೆರಿ’, ‘ಹಕೀಕಿ ದೆರಿ’ ಅಂದರೆ ಅಸಲಿ ಚರ್ಮ, ‘ಸುನಿ ದೆರಿ’ ಅಂದರೆ ಕೃತಕ.

ಎಲ್ಲಕ್ಕಿಂತ ಹೆಚ್ಚು ಮೋಸ ಹೋಗಿಸುವ ಪದ ಇಟಲಿಯ ‘ಎಕೊಪೆಲ್ಲೆ’. ‘ಎಕೊ’ ಎಂದಾಕ್ಷಣ ಪ್ರಾಣಿಹಿಂಸೆ ಇಲ್ಲದ್ದು ಎಂದು ನಮಗೆ ತೋರುತ್ತದೆ. ಜನರ ಮಾತಿನಲ್ಲಿ ಅದು ರೆಕ್ಸಿನ್ನಿಗೂ ಬಳಕೆಯಾಗುತ್ತದೆ. ಆದರೆ ಅಲ್ಲಿಯ ಉದ್ಯಮದ ಮಾನದಂಡದಲ್ಲಿ ಅದರರ್ಥ ಪರಿಸರಕ್ಕೆ ಕಡಿಮೆ ಹಾನಿಯಾಗುವಂತೆ ಹದ ಮಾಡಿದ ನಿಜವಾದ ಚರ್ಮ. 2020ರ ಒಂದು ಕಾನೂನು, ಪ್ರಾಣಿಯದ್ದಲ್ಲದ ವಸ್ತುವಿಗೆ ‘ಪೆಲ್ಲೆ’, ‘ಕುವೊಯೊ’ ಎಂಬ ಪದಗಳನ್ನು ಮುಂದೆಯಾಗಲಿ ಹಿಂದೆಯಾಗಲಿ ಸೇರಿಸಿಯೂ ಬಳಸಬಾರದೆಂದು ಹೇಳಿದೆ. ಆದುದರಿಂದ ಇಟಲಿಯಲ್ಲಿ ‘ಪೆಲ್ಲೆ’ ಎಂಬುದು ಯಾವ ರೂಪದಲ್ಲಿ ಕಂಡರೂ ಚರ್ಮವೆಂದೇ ತಿಳಿದು ಬಿಟ್ಟುಬಿಡುವುದು ಕ್ಷೇಮ.

ಇಂಗ್ಲಿಷಿನಲ್ಲಿ ಸ್ವೇಡ್, ನುಬಕ್, ನಾಪ್ಪಾ, ಸ್ಪ್ಲಿಟ್ ಲೆದರ್ ಎಲ್ಲವೂ ಚರ್ಮದ ಬಗೆಗಳೇ. ‘ಬಾಂಡೆಡ್ ಲೆದರ್’ ಎಂದರೆ ಚರ್ಮದ ಚೂರುಗಳನ್ನು ಅರೆದು ಅಂಟಿಸಿದ್ದು. ಡೈರಿಗಳ ರಟ್ಟಿಗೂ ಅಗ್ಗದ ಬೆಲ್ಟುಗಳಿಗೂ ಇದನ್ನು ಬಳಸುತ್ತಾರೆ. ಬೆಲೆ ಕಡಿಮೆ ಎಂಬ ಕಾರಣಕ್ಕೆ ಅದು ಕೃತಕವಾಗುವುದಿಲ್ಲ.

ಕಣ್ಣು ಮತ್ತು ಕೈಯ ಪರೀಕ್ಷೆ

ಲೇಬಲ್ ಇಲ್ಲದಿದ್ದರೆ ಕತ್ತರಿಸಿದ ಅಂಚನ್ನು ಹುಡುಕಿ. ಪಟ್ಟಿಯ ತುದಿ, ಬಕಲಿನ ತೂತು, ಜೇಬಿನ ಒಳಬದಿಯಲ್ಲಿ ಅದು ಸಿಗುತ್ತದೆ. ಚರ್ಮದ ಅಂಚಿನಲ್ಲಿ ಒಂದಕ್ಕೊಂದು ತೊಡರಿದ ನಾರು ಕಾಣುತ್ತದೆ. ರೆಕ್ಸಿನ್ನಿನಲ್ಲಿ ಸಾಮಾನ್ಯವಾಗಿ ಮೇಲೆ ನುಣುಪು ಪದರ, ಕೆಳಗೆ ನೇಯ್ದ ಬಟ್ಟೆ ಬೇರೆಬೇರೆಯಾಗಿ ಕಾಣುತ್ತವೆ. ಕೃತಕ ವಸ್ತುವಿನ ಮೇಲಿನ ಗೆರೆಗಳು ಅಚ್ಚು ಹಾಕಿದಂತೆ ಒಂದೇ ವಿನ್ಯಾಸದಲ್ಲಿ ಮರುಕಳಿಸುತ್ತವೆ. ಆದರೆ ಚರ್ಮದ ಮೇಲೂ ಅಚ್ಚು ಒತ್ತುವುದರಿಂದ ಇದೊಂದನ್ನೇ ನಂಬಬಾರದು. ಅಂಚಿಗೆ ಬಣ್ಣ ಬಳಿದು ಮುಚ್ಚಿದ್ದರೆ, ಮಾರುವವನು ‘ಪ್ಯೂರ್’, ‘ಬೆಸ್ಟ್ ಕ್ವಾಲಿಟಿ’ ಎಂದಷ್ಟೇ ಹೇಳುತ್ತಿದ್ದರೆ, ಕೊಳ್ಳದಿರುವುದು ಲೇಸು.

ಅಂಗಡಿಯವರನ್ನು ಕೇಳುವಾಗ ‘ಇದು ಒಳ್ಳೆಯದೇ?’ ಎಂದು ಕೇಳಬೇಡಿ. ಬಹಳ ಕಡೆ ಒಳ್ಳೆಯದು ಎಂದರೆ ಚರ್ಮ ಎಂದೇ ಅರ್ಥ. ‘ನಮ್ಮ ಧರ್ಮದಲ್ಲಿ ಚರ್ಮ ಬಳಸುವುದಿಲ್ಲ, ಒಳಪದರ ಮತ್ತು ಪಟ್ಟಿ ಸೇರಿ ಇದರಲ್ಲಿ ಎಲ್ಲಿಯೂ ಚರ್ಮ ಇಲ್ಲ ತಾನೆ?’ ಎಂದು ನೇರವಾಗಿ ಕೇಳಿ. ಹಣ ಕೊಡುವ ಮುನ್ನ ವಾಪಸು ತೆಗೆದುಕೊಳ್ಳುತ್ತಾರೆಯೇ ಎಂಬುದನ್ನೂ ತಿಳಿದುಕೊಳ್ಳಿ. ಯುರೋಪಿನಲ್ಲಿ 14 ದಿನಗಳೊಳಗೆ ಹಿಂದಿರುಗಿಸುವ ಹಕ್ಕು ಆನ್‌ಲೈನ್ ಮುಂತಾದ ದೂರ ಖರೀದಿಗೆ ಇದೆ. ಅಂಗಡಿಗೆ ಹೋಗಿ, ನೋಡಿ, ಕೊಂಡದ್ದಕ್ಕೆ ಅದು ಅನ್ವಯಿಸುವುದಿಲ್ಲ.

ಬದಲಿಗೆ ಏನು ತರಬಹುದು?

ಪೋರ್ಚುಗಲ್ಲಿಗೆ ಹೋಗುವವರಿಗೆ ಕಾರ್ಕಿನ ಪರ್ಸ್, ಬೆಲ್ಟ್, ಚೀಲಗಳು ಬೀದಿಬೀದಿಯಲ್ಲಿ ಸಿಗುತ್ತವೆ. ಕಾರ್ಕ್ ಎಂಬುದು ಒಂದು ಜಾತಿಯ ಓಕ್ ಮರದ ತೊಗಟೆ. ಮರ ಕಡಿಯದೆ ಸುಮಾರು ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿಯುತ್ತಾರೆ, ಅದು ಮತ್ತೆ ಬೆಳೆಯುತ್ತದೆ. ಅನಾನಸ್ ಎಲೆಯ ನಾರಿನಿಂದ ಮಾಡಿದ ವಸ್ತುವೂ ಈಗ ಮಾರುಕಟ್ಟೆಯಲ್ಲಿದೆ. ಫ್ಲಾರೆನ್ಸಿನಲ್ಲಿ ಬಣ್ಣದಲೆಗಳ ಕಾಗದದ ಕೆಲಸವೂ ಅಷ್ಟೇ ಪ್ರಸಿದ್ಧ. ಚರ್ಮದ ಬೆನ್ನುಪಟ್ಟಿ ಇಲ್ಲದ ಡೈರಿಯನ್ನು ಆರಿಸಿಕೊಂಡರೆ ಆಯಿತು. ಬಾಲಿಯಲ್ಲಿ ಬಾಟಿಕ್ ಬಟ್ಟೆ, ಟರ್ಕಿಯಲ್ಲಿ ಪಿಂಗಾಣಿ ಸಾಮಾನುಗಳಿವೆ. ಕಾರ್ಕಿನ ಪರ್ಸಿಗೂ ಒಳಗೆ ಚರ್ಮದ ಪದರ ಇರಬಹುದಾದ್ದರಿಂದ ಮೇಲಿನ ಪರೀಕ್ಷೆಯನ್ನು ಇಲ್ಲಿಯೂ ಬಿಡಬಾರದು.

ಹೊರಡುವ ಮುನ್ನ ಒಂದು ನಿಯಮ

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ತ್ಯಾಗವನ್ನು ಎರಡಾಗಿ ಹೇಳಿದ್ದಾರೆ. ಜೀವನಪರ್ಯಂತದ್ದು ಯಮ, ಗೊತ್ತುಪಡಿಸಿದ ಕಾಲದವರೆಗಿನದು ನಿಯಮ. ಚರ್ಮವನ್ನು ಪೂರ್ತಿಯಾಗಿ ಬಿಡಲು ಇನ್ನೂ ಮನಸ್ಸು ಗಟ್ಟಿಯಾಗದವರು ಮನೆಯಲ್ಲಿದ್ದರೆ, ಅವರೂ ಪ್ರವಾಸದ ಹತ್ತು ಹದಿನೈದು ದಿನಗಳ ಮಟ್ಟಿಗೆ ನಿಯಮ ತೆಗೆದುಕೊಳ್ಳಬಹುದು. ಹೊರಡುವ ದಿನ ಬಸದಿಯಲ್ಲಿ ದರ್ಶನ ಮಾಡಿ, ‘ಮರಳಿ ಬರುವವರೆಗೆ ಚರ್ಮದ ವಸ್ತು ಕೊಳ್ಳುವುದಿಲ್ಲ, ಬೇರೆಯವರಿಗಾಗಿಯೂ ತರುವುದಿಲ್ಲ’ ಎಂದು ಕುಟುಂಬದವರೆಲ್ಲ ಸೇರಿ ಸಂಕಲ್ಪಿಸಿದರೆ, ಅಂಗಡಿಯ ಮುಂದೆ ನಿಂತು ಚರ್ಚಿಸುವ ಪ್ರಸಂಗವೇ ಬರುವುದಿಲ್ಲ. ಊರಿನವರು ‘ಬರುವಾಗ ನನಗೊಂದು ಇಟಲಿ ಬೆಲ್ಟ್ ತಾ’ ಎಂದು ಹೇಳಿ ಕಳುಹಿಸಿದಾಗಲೂ ಉತ್ತರ ಸಿದ್ಧವಿರುತ್ತದೆ.