ಮೂಲೆ ಎಬ್ಬಿಸುವ ಕೈ

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು ಸೀಮೆಯಲ್ಲಿ ಮಳೆ ಕೈಕೊಟ್ಟರೆ ಜನ ಗುಳೆ ಹೊರಡುತ್ತಾರೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020–21ರಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತದ್ದು ಇದೇ ಊರಲ್ಲಿ. ಗುಳೆ ಹೋದವರಲ್ಲಿ ಬಹಳ ಮಂದಿಗೆ ಬೆಂಗಳೂರಿನಲ್ಲಿ ಸಿಗುವುದು ಕಟ್ಟಡದ ಕೆಲಸ. ಅದೂ ಬಿಗಾರಿ ಕೆಲಸ: ಮಾಲು ಕಲಸುವುದು, ಇಟ್ಟಿಗೆ ಹೊರುವುದು, ನೀರು ಹೊಡೆಯುವುದು.

ಬಿಗಾರಿ ಗೌಂಡಿಯಾಗುವುದು ಯಾವಾಗ? ಮೂಲೆ ಎಬ್ಬಿಸಲು ಬಂದಾಗ. ಗೋಡೆ ಕಟ್ಟುವಾಗ ಮೊದಲು ಏಳುವುದು ಮೂಲೆಗಳು. 3 ಅಡಿ, 4 ಅಡಿ ಅಳೆದು, ಕರ್ಣ 5 ಅಡಿ ಬಂದರೆ ಮೂಲೆ ಸರಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿಯ ಮಟ್ಟ ನೋಡುತ್ತಾರೆ. ನೆನೆಸಿದ ಇಟ್ಟಿಗೆಯನ್ನು ಕರಣೆಯಿಂದ ಹಾಸಿದ ಮಾಲಿನ ಮೇಲಿಟ್ಟು, ಹಿಡಿಕೆಯಿಂದ ಎರಡು ಪೆಟ್ಟು ಕೊಟ್ಟು ಕೂರಿಸಬೇಕು. ಸಂದಿನ ಮೇಲೆ ಸಂದು ಬರಬಾರದು. ನಾಲ್ಕೈದು ವರಸೆ ಏರಿದ ಮೇಲೆ ತೂಗುಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾನೆ ಗೌಂಡಿ. ಗುಂಡು ಗೋಡೆಗೆ ಒರಗಲೂಬಾರದು, ದೂರ ಸರಿಯಲೂಬಾರದು. ಮೂಲೆ ಕೂದಲೆಳೆ ವಾಲಿದರೂ ಮೇಲೆ ಹೋದಂತೆ ವಾಲು ಬೆಳೆಯುತ್ತದೆ, ಮುಂದೆ ಬಾಗಿಲ ಚೌಕಟ್ಟೂ ಕೂರುವುದಿಲ್ಲ. ಎರಡು ಮೂಲೆಗಳ ನಡುವೆ ದಾರ ಕಟ್ಟಿದ ಮೇಲೆ ಉಳಿದದ್ದನ್ನು ಕಲಿಯುವವನೂ ತುಂಬಬಲ್ಲ. ದಾರದ ಗುಂಟ ಎಷ್ಟು ಇಟ್ಟಿಗೆ ಇಟ್ಟರೂ ಅವನು ಗೌಂಡಿಯಲ್ಲ. ಮೂಲೆ ಅವನ ಕೈಗೆ ಬರಬೇಕು.

ಈ ವಿದ್ಯೆಯನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಊಟದ ಬಿಡುವಿನಲ್ಲಿ ಕರಣೆ ಹಿಡಿದು ನೋಡಿ, ಬೈಸಿಕೊಂಡು, ವರ್ಷಗಟ್ಟಲೆ ಕಣ್ಣಲ್ಲೇ ಕಲಿಯಬೇಕು. ಕೆಲವರಿಗಂತೂ ಆ ಅವಕಾಶವೇ ಬರುವುದಿಲ್ಲ.

ಕಲಿಸುವ ವ್ಯವಸ್ಥೆಗಳು ಇಲ್ಲವೆಂದಲ್ಲ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜತೆ ಆರಂಭಿಸಿದ ರುಡ್‌ಸೆಟ್ ಸ್ವಉದ್ಯೋಗ ತರಬೇತಿ ಸಂಸ್ಥೆಯ ಮಾದರಿಯೇ ಈಗ ಜಿಲ್ಲೆ ಜಿಲ್ಲೆಗೂ ಹಬ್ಬಿದೆ. ಅಲ್ಲಿ ಊಟ, ವಸತಿ, ಕಲಿಕೆ ಎಲ್ಲವೂ ಉಚಿತ. 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಹುಟ್ಟಿದ ನಿರ್ಮಿತಿ ಕೇಂದ್ರಗಳೂ ಕಡಿಮೆ ಖರ್ಚಿನ ಕಟ್ಟಡದ ಜತೆಗೆ ಗೌಂಡಿಗಳನ್ನು ತಯಾರು ಮಾಡಲೆಂದೇ ಬಂದವು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಗೌಂಡಿ ತರಬೇತಿ. ಅಲ್ಲಿ 45 ದಿನ ಕಲಿಯುವವರಿಗೆ ಒಬ್ಬ ಬಡವರ ಮನೆಯೇ ಪಾಠಶಾಲೆ. ಕನಿಷ್ಠ 25 ಚದರ ಮೀಟರಿನ ಆ ಮನೆಯನ್ನು ಪಾಯದಿಂದ ಮೇಲಕ್ಕೆ ತಾವೇ ಕಟ್ಟುತ್ತಾರೆ. ಕೊನೆಗೆ ಪರೀಕ್ಷೆ, ಪ್ರಮಾಣಪತ್ರ. ಒಂದು ಮನೆಯೂ ಎದ್ದಿತು, ಒಂದಿಷ್ಟು ಮಂದಿ ಗೌಂಡಿಗಳೂ ಎದ್ದರು. ಹಸಿಯಾದರೆ ಉಬ್ಬಿ, ಒಣಗಿದರೆ ಬಿರಿಯುವ ನಮ್ಮ ಎರೆ ನೆಲದಲ್ಲಿ ಪಾಯ ಹೇಗೆ ಹಾಕಬೇಕೆಂಬುದನ್ನು ಬೆಂಗಳೂರಿನ ಅಪಾರ್ಟ್‌ಮೆಂಟ್ ಕಲಿಸುವುದಿಲ್ಲ, ಊರಿನ ಮನೆ ಕಲಿಸುತ್ತದೆ.

1996ರ ಕಾಯ್ದೆಯಿಂದ ಬಂದ ಪದ್ಧತಿಯಂತೆ ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಮೀಸಲು. ವರ್ಷದಲ್ಲಿ 90 ದಿನ ದುಡಿದ, 18ರಿಂದ 60ರೊಳಗಿನ ಯಾವ ಕಟ್ಟಡ ಕಾರ್ಮಿಕರೂ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಮಂಡಳಿಯ ‘ಶ್ರಮ ಸಾಮರ್ಥ್ಯ’ದಲ್ಲಿ ತರಬೇತಿಯ ಜತೆ ಉಪಕರಣವೂ ಸಿಗುತ್ತದೆ. ಆದರೆ 90 ದಿನ ದುಡಿದ ದಾಖಲೆ ತರುವುದೇ ಊರೂರು ತಿರುಗುವ ಬಿಗಾರಿಗೆ ಕಷ್ಟ.

ಹೆಂಗಸರದ್ದು ಇನ್ನೂ ದೂರದ ಮಾತು. ಗಂಡನ ಜತೆ ಹೋದವಳು ಬುಟ್ಟಿ ಹೊತ್ತೇ ಹಣ್ಣಾಗುತ್ತಾಳೆ. ಜಾರ್ಖಂಡ್‌ನಲ್ಲಿ ಶೌಚಾಲಯ ಕಟ್ಟುತ್ತ ‘ರಾಣಿ ಮಿಸ್ತ್ರಿ’ಗಳಾದ ಹಳ್ಳಿಯ ಹೆಂಗಸರು ಇದ್ದಾರೆ. ಪಾಮನಕಲ್ಲೂರಿನ ತಾಯಂದಿರ ಕೈಗೂ ಕರಣೆ ಬರಲಿ.

ಮೊಹರಂ, ಜಾತ್ರೆ ಎಂದರೆ ಗುಳೆ ಹೋದವರು ಊರಿಗೆ ಬರುತ್ತಾರೆ. ಅವರಲ್ಲಿ ಮೂಲೆ ಎಬ್ಬಿಸಬಲ್ಲ ಹಿರಿಯ ಗೌಂಡಿಗಳೂ ಇರುತ್ತಾರೆ. ಅವರನ್ನು ಊರಲ್ಲೇ ನಿಲ್ಲಿಸಿ, ಪಂಚಾಯಿತಿಯ ಒಂದು ಮನೆ ಒಪ್ಪಿಸಿ, ಹತ್ತು ಮಕ್ಕಳಿಗೆ ಕಲಿಸಿ ಎಂದು ಮೊದಲೇ ಕೇಳಿದ್ದರೆ, ಎಷ್ಟೋ ಮಂದಿ ಬಿಗಾರಿಯಾಗಿಯೇ ಮುದುಕರಾಗುತ್ತಿರಲಿಲ್ಲ.