ಬಾಡಿಗೆದಾರರ ಉಪಟಳಕ್ಕೆ ಮಾಲೀಕರ ಹೊಣೆ: ಅಮೆರಿಕದ ನಗರಗಳ ಅನುಭವ

ಬಾಡಿಗೆಗೆ ಕೊಟ್ಟ ಕಟ್ಟಡದಲ್ಲಿ ವಾಸಿಸುವವರು ನೆರೆಹೊರೆಗೆ ಉಪದ್ರವ ಉಂಟುಮಾಡಿದರೆ ಅದಕ್ಕೆ ಹೊಣೆ ಯಾರು? ತಪ್ಪು ಮಾಡಿದವನೇ ಹೊಣೆ ಎಂಬುದು ಸಾಮಾನ್ಯ ನ್ಯಾಯ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ನಗರಗಳು ಕಳೆದ ಕೆಲವು ದಶಕಗಳಲ್ಲಿ ಈ ಹೊಣೆಯನ್ನು ಕಟ್ಟಡದ ಮಾಲೀಕರಿಗೂ ವಿಸ್ತರಿಸುವ ಉಪವಿಧಿಗಳನ್ನು ಜಾರಿಗೆ ತಂದಿವೆ. ಈ ಕ್ರಮದ ಸ್ವರೂಪ, ಅದರ ಹಿಂದಿನ ತರ್ಕ ಹಾಗೂ ಅದರಿಂದ ಉಂಟಾದ ಅನಿರೀಕ್ಷಿತ ಪರಿಣಾಮಗಳು ಆಸ್ತಿಯನ್ನು ಬಾಡಿಗೆಗೆ ಕೊಡುವ ಅಥವಾ ಪಡೆಯುವ ಪ್ರತಿಯೊಬ್ಬ ವರ್ತಕರೂ ತಿಳಿಯತಕ್ಕಂಥವು.

ಉಪವಿಧಿಯ ತರ್ಕ

ಕೆಲವೇ ವಿಳಾಸಗಳಿಂದ ಪೊಲೀಸರಿಗೆ ಮೇಲಿಂದ ಮೇಲೆ ಕರೆ ಬರುತ್ತಿದ್ದರೆ ಅದರ ವೆಚ್ಚವನ್ನು ಇಡೀ ನಗರದ ತೆರಿಗೆದಾರರು ಭರಿಸಬೇಕಾಗುತ್ತದೆ. ಬಾಡಿಗೆಯ ಲಾಭ ಮಾತ್ರ ಮಾಲೀಕರದಾಗುತ್ತದೆ. ಬಾಡಿಗೆದಾರರನ್ನು ಆಯ್ಕೆ ಮಾಡುವ, ಕರಾರನ್ನು ರೂಪಿಸುವ ಹಾಗೂ ಅದನ್ನು ರದ್ದುಪಡಿಸುವ ಅಧಿಕಾರ ಮಾಲೀಕರ ಕೈಯಲ್ಲಿರುವುದರಿಂದ, ವೆಚ್ಚವನ್ನೂ ಅವರ ಮೇಲೆ ಹೊರಿಸಿದರೆ ಅವರು ತಾವಾಗಿಯೇ ಎಚ್ಚರ ವಹಿಸುವರು ಎಂಬುದು ಇದರ ಹಿಂದಿನ ಎಣಿಕೆ.

ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಉಪವಿಧಿ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಕಟ್ಟಡದಲ್ಲಿ 30 ದಿನಗಳೊಳಗೆ ಮೂರು ಅಥವಾ ಹೆಚ್ಚು ಉಪದ್ರವದ ಪ್ರಕರಣಗಳು ಸಂಭವಿಸಿದರೆ ಪೊಲೀಸರು ಮಾಲೀಕರಿಗೆ ನೋಟೀಸು ಕಳುಹಿಸುವರು. ಉಪದ್ರವ ನಿಲ್ಲಿಸಲು ತಾವು ಕೈಗೊಳ್ಳುವ ಕ್ರಮವನ್ನು ಮಾಲೀಕರು ಲಿಖಿತವಾಗಿ ತಿಳಿಸಬೇಕು. ಆ ಕ್ರಮ ಪೊಲೀಸರಿಗೆ ಒಪ್ಪಿಗೆಯಾಗದೆ ಕರೆಗಳು ಮುಂದುವರಿದರೆ, ಪೊಲೀಸ್ ಸೇವೆಯ ವೆಚ್ಚವನ್ನು ಮಾಲೀಕರಿಂದಲೇ ವಸೂಲು ಮಾಡಲು ಅವಕಾಶವಿದೆ. ಪೆನ್ಸಿಲ್ವೇನಿಯಾ ರಾಜ್ಯದ ನಾರಿಸ್‌ಟೌನ್ ಪಟ್ಟಣವು ಇನ್ನೂ ಕಠಿಣವಾದ ಮಾರ್ಗ ಹಿಡಿಯಿತು. ಅಲ್ಲಿ ನಾಲ್ಕು ತಿಂಗಳಲ್ಲಿ ಮೂರು ಬಾರಿ ಅಶಿಸ್ತಿನ ವರ್ತನೆಯ ದೂರು ದಾಖಲಾದರೆ ಮಾಲೀಕರ ಬಾಡಿಗೆ ಪರವಾನಗಿಯನ್ನೇ ರದ್ದುಪಡಿಸಬಹುದಾಗಿತ್ತು.

ಎಣಿಕೆ ತಪ್ಪಿದ ಬಗೆ

ಕಾಗದದ ಮೇಲೆ ನ್ಯಾಯವಾಗಿ ತೋರುವ ಈ ವ್ಯವಸ್ಥೆಯಲ್ಲಿ ಒಂದು ಮೂಲಭೂತ ದೋಷವಿತ್ತು. ಉಪದ್ರವವನ್ನು ಅಳೆಯಲು ಬಳಸಿದ ಅಳತೆಗೋಲು ಪೊಲೀಸ್ ಕರೆಗಳ ಸಂಖ್ಯೆ. ಆದರೆ ಉಪದ್ರವ ಮಾಡುವವನೂ ಪೊಲೀಸರನ್ನು ಕರೆಯುವವರೂ ಒಬ್ಬರೇ ಅಲ್ಲ. ಬಹಳಷ್ಟು ಸಂದರ್ಭಗಳಲ್ಲಿ ಕರೆ ಮಾಡುವುದು ಪೆಟ್ಟು ತಿಂದವರು.

ಮ್ಯಾಥ್ಯೂ ಡೆಸ್ಮಂಡ್ ಮತ್ತು ನಿಕೋಲ್ ವಾಲ್ಡೆಜ್ ಎಂಬ ಸಮಾಜಶಾಸ್ತ್ರಜ್ಞರು ಮಿಲ್ವಾಕಿಯಲ್ಲಿ 2008 ಮತ್ತು 2009ರಲ್ಲಿ ಮಾಲೀಕರಿಗೆ ಹೋದ ನೋಟೀಸುಗಳನ್ನು ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಮೂರನೆಯ ಒಂದು ಭಾಗದಷ್ಟು ನೋಟೀಸುಗಳಿಗೆ ಕೌಟುಂಬಿಕ ಹಿಂಸೆಯೇ ಕಾರಣವಾಗಿತ್ತು. ಅಂತಹ ನೋಟೀಸು ಪಡೆದ ಮಾಲೀಕರಲ್ಲಿ ಶೇ. 83ರಷ್ಟು ಮಂದಿ ಬಾಡಿಗೆದಾರರನ್ನು ಹೊರಹಾಕಿದ್ದರು ಇಲ್ಲವೇ ಮತ್ತೆ ಪೊಲೀಸರನ್ನು ಕರೆದರೆ ಹೊರಹಾಕುವುದಾಗಿ ಎಚ್ಚರಿಸಿದ್ದರು. ಕಪ್ಪು ಜನಾಂಗದವರ ಬಡಾವಣೆಗಳ ಮೇಲೆ ನೋಟೀಸುಗಳ ಹೊರೆ ಹೆಚ್ಚಾಗಿ ಬಿದ್ದಿತ್ತು.

ಮಾಲೀಕರ ನಡವಳಿಕೆಯನ್ನು ಕೇವಲ ಕ್ರೌರ್ಯವೆಂದು ಕರೆಯುವಂತಿಲ್ಲ. ಹಲ್ಲೆಕೋರನನ್ನು ತಡೆಯುವ ಅಧಿಕಾರವಾಗಲಿ ಬಲವಾಗಲಿ ಒಂದೆರಡು ಮನೆಗಳ ಮಾಲೀಕರಿಗೆ ಇರುವುದಿಲ್ಲ. ಅವರ ಕೈಯಲ್ಲಿರುವ ಏಕೈಕ ಹಾಗೂ ಅಗ್ಗದ ಸಾಧನ ತೆರವು. ದಂಡದ ಭಯ ತೋರಿಸಿದಾಗ ಅವರು ಅದನ್ನೇ ಬಳಸಿದರು. ಕರೆಗಳು ಕಡಿಮೆಯಾದವು ಎಂದ ಮಾತ್ರಕ್ಕೆ ಹಿಂಸೆ ಕಡಿಮೆಯಾಯಿತೆಂದು ಅರ್ಥವಲ್ಲ.

ನಾರಿಸ್‌ಟೌನ್‌ನಲ್ಲಿ 2012ರಲ್ಲಿ ನಡೆದ ಘಟನೆ ಇದನ್ನು ಸ್ಪಷ್ಟಪಡಿಸಿತು. ಮಾಜಿ ಸಂಗಾತಿಯ ಹಲ್ಲೆಯಿಂದ ಒಬ್ಬ ಮಹಿಳೆಯ ಕುತ್ತಿಗೆಗೆ ತೀವ್ರ ಗಾಯವಾಯಿತು. ಇನ್ನೊಂದು ಕರೆ ಹೋದರೆ ಮನೆ ಕಳೆದುಕೊಳ್ಳಬೇಕಾದೀತೆಂಬ ಭಯದಿಂದ ಆಕೆ ಪೊಲೀಸರನ್ನು ಕರೆಯಲಿಲ್ಲ. ನೆರೆಯವರು ಕರೆದುದರಿಂದ ಆಕೆಯ ಜೀವ ಉಳಿಯಿತು. ಕೆಲವೇ ದಿನಗಳಲ್ಲಿ ಪಟ್ಟಣಾಡಳಿತವು ಮಾಲೀಕರ ಪರವಾನಗಿಯನ್ನು ರದ್ದುಪಡಿಸಿ ಆಕೆಯನ್ನು ತೆರವುಗೊಳಿಸುವಂತೆ ಸೂಚಿಸಿತು. 2013ರಲ್ಲಿ ಆಕೆಯ ಪರವಾಗಿ ಅಮೆರಿಕದ ನಾಗರಿಕ ಸ್ವಾತಂತ್ರ್ಯಗಳ ಒಕ್ಕೂಟವು ಮೊಕದ್ದಮೆ ಹೂಡಿತು. 2014ರಲ್ಲಿ ಪಟ್ಟಣಾಡಳಿತವು 4,95,000 ಡಾಲರ್ ನೀಡಿ ಉಪವಿಧಿಯನ್ನು ಹಿಂತೆಗೆದುಕೊಳ್ಳಲು ಒಪ್ಪಿ ರಾಜಿ ಮಾಡಿಕೊಂಡಿತು. ಪೊಲೀಸರ ವೆಚ್ಚ ಉಳಿಸಲು ಹೊರಟ ಉಪವಿಧಿ ಕೊನೆಗೆ ಪಟ್ಟಣಕ್ಕೇ ದುಬಾರಿಯಾಯಿತು.

ತಿದ್ದುಪಡಿಗಳು

ಮಿಲ್ವಾಕಿ 2011ರಲ್ಲೇ ಕೌಟುಂಬಿಕ ಹಿಂಸೆಯ ಪ್ರಕರಣಗಳನ್ನು ಎಣಿಕೆಯಿಂದ ಕೈಬಿಟ್ಟಿತು. ಸಂತ್ರಸ್ತರ ಕರೆಗಳಿಗಾಗಿ ಮಾಲೀಕರನ್ನಾಗಲಿ ಬಾಡಿಗೆದಾರರನ್ನಾಗಲಿ ದಂಡಿಸದಂತೆ ಪೆನ್ಸಿಲ್ವೇನಿಯಾ ರಾಜ್ಯವು 2014ರಲ್ಲಿ ಕಾನೂನು ಮಾಡಿತು. ಇಂತಹ ಉಪವಿಧಿಗಳು ವಸತಿ ಸಮಾನತೆಯ ಕಾಯಿದೆಗೆ ವಿರುದ್ಧವಾಗಬಹುದೆಂದು ಕೇಂದ್ರದ ವಸತಿ ಇಲಾಖೆಯು 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮಹಿಳೆಯರ ಮೇಲಿನ ದೌರ್ಜನ್ಯ ತಡೆಯ ಕಾಯಿದೆಯನ್ನು 2022ರಲ್ಲಿ ನವೀಕರಿಸಿದಾಗ, ತಮ್ಮ ಮನೆಯಿಂದ ತುರ್ತು ನೆರವು ಕೋರುವ ಮಾಲೀಕರ ಹಾಗೂ ಬಾಡಿಗೆದಾರರ ಹಕ್ಕಿಗೆ ರಕ್ಷಣೆ ನೀಡಲಾಯಿತು.

ಭಾರತದ ಕಾನೂನಿನ ನಿಲುವು

ಭಾರತದಲ್ಲಿ ಮಾಲೀಕರ ಮೇಲೆ ಇಂತಹ ಹೊಣೆ ಹೊರಿಸುವ ಕೆಲವು ಕೇಂದ್ರ ಕಾಯಿದೆಗಳಲ್ಲಿ 'ಅರಿವು' ಎಂಬುದೇ ಮುಖ್ಯ ಒರೆಗಲ್ಲು. 1985ರ ಮಾದಕ ವಸ್ತುಗಳ ಕಾಯಿದೆಯ 25ನೆಯ ಕಲಮಿನಂತೆ, ತಮ್ಮ ಕಟ್ಟಡವನ್ನು ಅಂತಹ ಅಪರಾಧಕ್ಕೆ ಬಳಸಲು ಗೊತ್ತಿದ್ದೂ ಬಿಟ್ಟ ಮಾಲೀಕರು ಅದೇ ಅಪರಾಧದ ಶಿಕ್ಷೆಗೆ ಗುರಿಯಾಗುವರು. 1956ರ ಅನೈತಿಕ ವ್ಯವಹಾರ ತಡೆ ಕಾಯಿದೆಯ 3ನೆಯ ಕಲಮು ಕೂಡ ತಿಳಿದೂ ಬಾಡಿಗೆಗೆ ಕೊಟ್ಟವರನ್ನು ದಂಡಿಸುತ್ತದೆ. ಆದುದರಿಂದ ಮಳಿಗೆ, ಗೋದಾಮು ಅಥವಾ ಮನೆಯನ್ನು ಬಾಡಿಗೆಗೆ ಕೊಡುವವರು ಬಳಕೆಯ ಉದ್ದೇಶವನ್ನು ಕರಾರಿನಲ್ಲಿ ಸ್ಪಷ್ಟವಾಗಿ ನಮೂದಿಸುವುದು, ಸಂಶಯ ಬಂದಾಗ ಲಿಖಿತ ನೋಟೀಸು ನೀಡಿ ಪ್ರತಿಯನ್ನು ಕಾಪಾಡಿಕೊಳ್ಳುವುದು ಕ್ಷೇಮಕರ.

ಹೊಣೆಯನ್ನು ಯಾರ ಮೇಲಾದರೂ ಹೊರಿಸುವ ಮುನ್ನ ಅದನ್ನು ನಿಭಾಯಿಸುವ ಅಧಿಕಾರ ಅವರಿಗಿದೆಯೇ ಎಂದು ನೋಡಬೇಕೆಂಬುದು ಅಮೆರಿಕದ ಅನುಭವದಿಂದ ದೊರೆಯುವ ಪಾಠ. ಅಧಿಕಾರವಿಲ್ಲದ ಹೊಣೆಯು ಕೈಯಿಂದ ಕೈಗೆ ದಾಟುತ್ತಾ ಹೋಗಿ ಕೊನೆಗೆ ಅತ್ಯಂತ ದುರ್ಬಲರ ತಲೆಯ ಮೇಲೆ ಬೀಳುತ್ತದೆ.