ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು: ಸಂಸ್ಥೆಯ ಲೆಕ್ಕದಲ್ಲೋ, ಸ್ವಂತ ಹೆಸರಿನಲ್ಲೋ?

ಐಹೊಳೆಯ ಹೆಸರನ್ನು ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿದವರು ಶಿಲ್ಪಿಗಳಷ್ಟೇ ಅಲ್ಲ, ವರ್ತಕರೂ ಹೌದು. ಅಯ್ಯಾವೊಳೆಯ ಐನೂರ್ವರು ವ್ಯವಹರಿಸುತ್ತಿದ್ದ ಸರಕುಗಳಲ್ಲಿ ಆನೆ, ರತ್ನ, ಸುಗಂಧದ್ರವ್ಯಗಳೊಂದಿಗೆ ಕುದುರೆಯೂ ಸೇರಿತ್ತು. ಪರದೇಶದ ಕುದುರೆಯನ್ನು ಕೊಳ್ಳುವುದು ಒಂದು ಖರ್ಚು, ಸಾಕುವುದು ಇನ್ನೊಂದು ಖರ್ಚು. ಇಂದು ಅದೇ ಸೀಮೆಯ ಉದ್ದಿಮೆದಾರನೊಬ್ಬನು ಹಳೆಯ ಯುರೋಪಿಯನ್ ಸ್ಪೋರ್ಟ್ಸ್ ಕಾರಿನ ಮೇಲೆ ಮನಸ್ಸಿಟ್ಟರೆ, ಅವನ ಮುಂದಿರುವ ಲೆಕ್ಕವೂ ಇಂತಹದೇ. ಇದರೊಂದಿಗೆ ತೆರಿಗೆಯ ಲೆಕ್ಕವೂ ಸೇರಿಕೊಂಡಿದೆ.

ಉದಾಹರಣೆಗೆ, ಇಳಕಲ್ಲಿನ ಗ್ರಾನೈಟ್ ಪಾಲುದಾರಿಕೆ ಸಂಸ್ಥೆಯೊಂದು 2003ರಲ್ಲಿ ತಯಾರಾದ ಮರ್ಸಿಡಿಸ್ ಎಸ್‌ಎಲ್‌ಕೆ ಕಾರನ್ನು 12 ಲಕ್ಷ ರೂಪಾಯಿಗೆ ಖರೀದಿಸಿತೆಂದು ಭಾವಿಸೋಣ. ವಿದೇಶಿ ಕಾರಿಗೆ ಸವಕಳಿ ಸಿಗುವುದಿಲ್ಲವೆಂಬ ನಂಬಿಕೆ ಹಲವು ವರ್ತಕರಲ್ಲಿ ಇಂದಿಗೂ ಉಳಿದಿದೆ. ಅದಕ್ಕೆ ಆಧಾರವಿಲ್ಲದಿಲ್ಲ: 1975ರ ಫೆಬ್ರುವರಿ 28ರ ನಂತರ, 2001ರ ಏಪ್ರಿಲ್ 1ಕ್ಕೆ ಮುನ್ನ ಕೊಂಡ ವಿದೇಶಿ ಕಾರುಗಳಿಗೆ, ಪ್ರವಾಸಿಗರಿಗೆ ಬಾಡಿಗೆಗೆ ಬಿಡುವಂತಹ ಕೆಲವು ಸಂದರ್ಭಗಳ ಹೊರತು, 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 32 ಸವಕಳಿಯನ್ನು ನಿರಾಕರಿಸಿತ್ತು. ಇಲ್ಲಿ ಮುಖ್ಯವಾದುದು ಕಾರು ತಯಾರಾದ ವರ್ಷವಲ್ಲ, ಕೊಂಡ ದಿನಾಂಕ. ಆದ್ದರಿಂದ ಈಗ ಕೊಳ್ಳುವ ಕಾರಿಗೆ, ವ್ಯವಹಾರಕ್ಕೆ ಬಳಸಿದಷ್ಟರ ಮಟ್ಟಿಗೆ, ಶೇ. 15ರ ಸವಕಳಿ ದೊರೆಯುತ್ತದೆ.

ಆಕರ್ಷಣೆ ಇರುವುದು ಇಲ್ಲಿಯೇ, ಅಪಾಯವಿರುವುದೂ ಇಲ್ಲಿಯೇ. ಸವಕಳಿ ಪೂರ್ತಿಯಾಗಿ ದೊರೆಯಿತೆಂದುಕೊಂಡರೂ ಮೂರು ವರ್ಷಗಳಲ್ಲಿ ಒಟ್ಟು 4.63 ಲಕ್ಷ ಕಳೆಯುತ್ತದೆ, ಶೇ. 31.2ರ ದರದಲ್ಲಿ ಉಳಿಯುವ ತೆರಿಗೆ ಸುಮಾರು 1.44 ಲಕ್ಷ. ಪುಸ್ತಕದ ಬೆಲೆ 7.37 ಲಕ್ಷಕ್ಕೆ ಇಳಿಯುತ್ತದೆ. ಆದರೆ ಸಾಮಾನ್ಯ ಕಾರಿನಂತೆ ಇಂತಹ ಕಾರಿನ ಮಾರುಕಟ್ಟೆ ಬೆಲೆ ಇಳಿಯಲೇಬೇಕೆಂದಿಲ್ಲ, ಸುಸ್ಥಿತಿಯಲ್ಲಿದ್ದರೆ ಏರಲೂಬಹುದು. ನಾಲ್ಕನೆಯ ವರ್ಷ ಅದು 20 ಲಕ್ಷಕ್ಕೆ ಮಾರಾಟವಾಗಿ, ಆ ಆಸ್ತಿ ವರ್ಗದಲ್ಲಿ ಬೇರೇನೂ ಉಳಿಯದಿದ್ದರೆ, 12.63 ಲಕ್ಷವು ಅಲ್ಪಾವಧಿ ಬಂಡವಾಳ ಲಾಭವೆನಿಸಿ ಸುಮಾರು 3.94 ಲಕ್ಷ ತೆರಿಗೆ ಬರುತ್ತದೆ. ಜಿಎಸ್‌ಟಿ ನೋಂದಣಿಯುಳ್ಳ ಸಂಸ್ಥೆಯಾದರೆ, 2025ರ ಜನವರಿಯಿಂದ ಜಾರಿಯಲ್ಲಿರುವ ಶೇ. 18ರ ದರದಂತೆ ಅದೇ 12.63 ಲಕ್ಷದ ಮೇಲೆ ಇನ್ನೂ 2.27 ಲಕ್ಷ. ದುರಸ್ತಿ ಹಾಗೂ ವಿಮೆಯ ಮೇಲೆ ಕಟ್ಟಿದ ಜಿಎಸ್‌ಟಿಗೆ ಹೂಡುವಳಿ ಜಮೆಯೂ ಇಲ್ಲ. ಕಲಂ 17(5) ಅದನ್ನು ತಡೆದಿದೆ.

ಅದೇ ಕಾರು ಪಾಲುದಾರನ ಸ್ವಂತ ಹೆಸರಿನಲ್ಲಿದ್ದು ಸ್ವಂತ ಬಳಕೆಯಲ್ಲಿದ್ದರೆ, ಅದು ‘ವೈಯಕ್ತಿಕ ವಸ್ತು’ವೆನಿಸಿ ಬಂಡವಾಳ ಆಸ್ತಿಯ ವ್ಯಾಖ್ಯೆಯಿಂದಲೇ ಹೊರಗುಳಿಯುತ್ತದೆ. ಲಾಭಕ್ಕೆ ತೆರಿಗೆಯಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ವಿನಾಯಿತಿ ಮುಂದುವರಿದಿದೆ. ಆದರೆ ‘ಬಳಕೆ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1983ರಲ್ಲಿ 20 ಸಾವಿರಕ್ಕೆ ಕೊಂಡ 1931ರ ಫೋರ್ಡ್ ಕಾರನ್ನು 21 ಲಕ್ಷಕ್ಕೆ ಮಾರಿದ ವ್ಯಕ್ತಿಯೊಬ್ಬರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು 2025ರಲ್ಲಿ ತೀರ್ಪಿತ್ತಿತು: ಕಾರು ವೈಯಕ್ತಿಕ ಬಳಕೆಗೆ ಯೋಗ್ಯವಾಗಿದ್ದರೆ ಸಾಲದು, ವಾಸ್ತವವಾಗಿ ಬಳಸಿದ್ದಕ್ಕೆ ಪುರಾವೆ ಬೇಕು. ಪುರಾವೆಯಿಲ್ಲದ ಕಾರಣ ಲಾಭವು ತೆರಿಗೆಗೆ ಒಳಪಟ್ಟಿತು. ಶೆಡ್ಡಿನಲ್ಲಿ ಹೊದಿಕೆ ಹೊದಿಸಿಟ್ಟ ಕಾರು ಈ ವಿನಾಯಿತಿಗೆ ಅರ್ಹವಾಗುವುದು ಕಷ್ಟ.

ಯಂತ್ರದ ಹಿತವೂ ಇದನ್ನೇ ಬಯಸುತ್ತದೆ. ನಿಂತೇ ಇರುವ ಕಾರಿನಲ್ಲಿ ಬ್ಯಾಟರಿ ಇಳಿಯುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ. ವಾರಕ್ಕೊಮ್ಮೆ ಇಳಕಲ್ಲಿನಿಂದ ಹುನಗುಂದ, ಅಮೀನಗಡ ಮಾರ್ಗವಾಗಿ ಐಹೊಳೆಯವರೆಗೆ ಓಡಿಸಿ ತಂದರೆ ಎಂಜಿನ್ನಿಗೂ ಒಳಿತು, ಪುರಾವೆಗೂ ಒಳಿತು. ಪೆಟ್ರೋಲ್ ರಸೀದಿ, ಓಡಿದ ಕಿಲೋಮೀಟರುಗಳ ದಿನಚರಿ, ಸ್ವಂತ ಖಾತೆಯಿಂದ ಪಾವತಿಸಿದ ದುರಸ್ತಿಯ ಬಿಲ್ಲು, ಇವೆಲ್ಲ ಒಂದೇ ಕಡತದಲ್ಲಿರತಕ್ಕದ್ದು. ಊರೂರಿನ ಹಂಪುಗಳು ಮಾತ್ರ ನೆಲಕ್ಕಂಟಿದ ಈ ಕಾರುಗಳ ಶತ್ರುಗಳೇ ಸರಿ.

ಬಿರುಬೇಸಿಗೆಯಲ್ಲಿ ಮೊದಲು ಸೋಲುವುದು ಶೀತಕ ವ್ಯವಸ್ಥೆಯ ರಬ್ಬರ್ ಕೊಳವೆಗಳು ಮತ್ತು ಪ್ಲಾಸ್ಟಿಕ್ ಭಾಗಗಳು. ಕಲ್ಲುಗಣಿಯ ದೂಳಿರುವಲ್ಲಿ ಏರ್ ಫಿಲ್ಟರನ್ನು ತಯಾರಕರು ಹೇಳಿದ ಅವಧಿಗೆ ಮುನ್ನವೇ ಬದಲಿಸಬೇಕಾಗುತ್ತದೆ. ಬ್ರೇಕ್ ದ್ರವವು ತೇವಾಂಶ ಹೀರುವುದರಿಂದ, ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಟಯರಿನ ಎಳೆ ಸವೆಯದಿದ್ದರೂ ವಯಸ್ಸಾಗುತ್ತದೆ. ಅದರ ಪಕ್ಕದಲ್ಲಿರುವ ನಾಲ್ಕಂಕಿಯಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆಂದು ತಯಾರಾಗದ ಹಳೆಯ ಇಂಧನ ಕೊಳವೆಗಳನ್ನು ಎಥೆನಾಲ್ ತಾಳುವಂತಹವುಗಳಿಂದ ಬದಲಿಸುವುದು ಲೇಸು. ದೊಡ್ಡ ದುರಸ್ತಿಗೆ ಬೆಂಗಳೂರೇ ಗತಿಯಾದರೆ, ನಾನೂರು ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯ ಮೇಲೆ ಸಾಗಿಸುವ ವೆಚ್ಚವನ್ನು ವರ್ಷದ ಅಂದಾಜಿನಲ್ಲಿ ಮೊದಲೇ ಸೇರಿಸಬೇಕು.

ಕೊಳ್ಳುವ ಮುನ್ನ ನೋಡಬೇಕಾದ ಮೊದಲ ಕಾಗದ ಆರ್‌ಸಿ ಪುಸ್ತಕವಲ್ಲ, ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ. 2002ರಲ್ಲಿ ಆಮದಾದ ಪೋರ್ಷೆ ಕರೆರಾ ಕಾರೊಂದನ್ನು ಅನಂತರ ಖರೀದಿಸಿದವರಿಂದ ಸುಂಕದ ವ್ಯತ್ಯಾಸವನ್ನು ಕೇಳಲಾಗಿತ್ತು. ಅವರು ಆಮದುದಾರರಲ್ಲವೆಂದು ಸುಪ್ರೀಂ ಕೋರ್ಟು 2024ರಲ್ಲಿ ಆ ಬೇಡಿಕೆಯನ್ನು ರದ್ದುಪಡಿಸಿತು. ಖರೀದಿದಾರರಿಗೆ ನ್ಯಾಯ ದೊರೆಯಿತು, ನಿಜ. ಆದರೆ ವರ್ಷಗಟ್ಟಲೆ ವ್ಯಾಜ್ಯದ ನಂತರ. ಅಲ್ಲದೆ ಸುಂಕದ ಹೊಣೆ ಬೇರೆ, ಅಕ್ರಮ ಆಮದಿನ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಬೇರೆ. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಮೂರೂ ಕಡೆ, ಅಂದರೆ ಕಾರಿನ ಮೇಲೆ, ಆರ್‌ಸಿಯಲ್ಲಿ, ಬಿಲ್ಲಿನಲ್ಲಿ, ಹೊಂದಿಕೆಯಾಗಬೇಕು.

ಹೊರರಾಜ್ಯದ ಕಾರಾದರೆ ನಿರಾಕ್ಷೇಪಣಾ ಪತ್ರ ಹಾಗೂ ಕರ್ನಾಟಕದ ಆಜೀವ ತೆರಿಗೆಯ ಲೆಕ್ಕವೂ ಇದೆ. ನೋಂದಣಿಗೆ 15 ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಆಮದು ಕಾರಿನ ನವೀಕರಣ ಶುಲ್ಕವು 2022ರ ಏಪ್ರಿಲ್‌ನಿಂದ 40,000 ರೂಪಾಯಿ. 20 ವರ್ಷ ಮೀರಿದವುಗಳಿಗೆ 2025ರ ಆಗಸ್ಟ್‌ನ ಅಧಿಸೂಚನೆಯಂತೆ 80,000. ಐವತ್ತು ವರ್ಷ ದಾಟಿ ಮೂಲ ರೂಪದಲ್ಲಿರುವ ಕಾರಿಗೆ 2021ರ ವಿಂಟೇಜ್ ನಿಯಮಗಳು ಅನ್ವಯಿಸುತ್ತವೆ, ಆದರೆ ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ವಿಮೆಯಲ್ಲಿ, ಐದು ವರ್ಷ ಮೀರಿದ ವಾಹನದ ಘೋಷಿತ ಮೌಲ್ಯವು ಕಂಪನಿ ಮತ್ತು ಮಾಲೀಕರ ನಡುವಿನ ಒಪ್ಪಂದದಿಂದ ನಿಗದಿಯಾಗುತ್ತದೆ. ಮೌಲ್ಯಮಾಪಕರ ವರದಿಯನ್ನೂ ಛಾಯಾಚಿತ್ರಗಳನ್ನೂ ಪಾಲಿಸಿಯ ನವೀಕರಣಕ್ಕೆ ಮುನ್ನವೇ ಸಲ್ಲಿಸಿ ಆ ಮೊತ್ತವನ್ನು ಬರೆಸಿಕೊಳ್ಳಬೇಕು. ಅಪಘಾತವಾದ ಮೇಲೆ ಅದನ್ನು ಚರ್ಚಿಸಲು ಅವಕಾಶವಿರುವುದಿಲ್ಲ.